ದೊಡ್ಡ ಆರ್‌ವಿಗೆ ಹಿಂಬದಿ ಕ್ಯಾಮೆರಾ ಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆ ಹತ್ತಿರ ಬಂತೆಂದರೆ ಅಮೆರಿಕದ ಕನ್ನಡ ಮನೆಗಳಲ್ಲಿ ಆರ್‌ವಿ (ಮಲಗಲು, ಅಡುಗೆ ಮಾಡಲು ಸೌಕರ್ಯವಿರುವ ಮನೆಗಾಡಿ) ಮಾತು ಶುರುವಾಗುತ್ತದೆ. ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಮಕ್ಕಳಿಗೆ ಶಾಲೆ ಇಲ್ಲ, ಯೆಲ್ಲೋಸ್ಟೋನ್ ನೋಡಬೇಕು, ಹೋದಲ್ಲೆಲ್ಲ ಅನ್ನ ಸಾರು ನಮ್ಮದೇ ಆಗಬೇಕು. ಹಾಸಿಗೆ ಎಷ್ಟಿವೆ, ಫ್ರಿಡ್ಜ್ ಎಷ್ಟು ದೊಡ್ಡದು ಎಂದೆಲ್ಲ ವಿಚಾರಿಸುತ್ತೇವೆ. ಗಾಡಿಯ ಹಿಂದೆ ಕ್ಯಾಮೆರಾ ಇದೆಯೇ ಎಂದು ಕೇಳುವುದು ಮಾತ್ರ ಮರೆತುಹೋಗುತ್ತದೆ. ಬಾಡಿಗೆಗೆ ತೆಗೆದುಕೊಳ್ಳುವವರು, ಸ್ವಂತಕ್ಕೆ ಕೊಳ್ಳಬೇಕೆಂದಿರುವವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಒಂದೆಡೆ ಉತ್ತರ ಬರೆದಿದ್ದೇನೆ.

ಒಂದೇ ಮಾತಿನಲ್ಲಿ ಹೇಳಿ: ಹಾಕಿಸಬೇಕೋ ಬೇಡವೋ?

ಹಾಕಿಸಿ. ಗಾಡಿ 24 ಅಡಿ ದಾಟಿದ್ದರೆ ಯೋಚನೆಯನ್ನೇ ಮಾಡಬೇಡಿ. ಆರ್‌ವಿಗೆ ನಾವು ಸುರಿಯುವ ದುಡ್ಡಿನಲ್ಲಿ ಇದು ಚಿಲ್ಲರೆ ಬಾಬ್ತು. ತಪ್ಪಿಸುವ ಅನಾಹುತ ಮಾತ್ರ ಚಿಲ್ಲರೆಯಲ್ಲ. ಬಂಪರ್ ತಗ್ಗಾದರೆ ದುಡ್ಡು ಕೊಟ್ಟು ಸರಿಮಾಡಿಸಬಹುದು. ಗಾಡಿಯ ಹಿಂದೆ ಆಡುವ ಮಗುವಿನ ವಿಷಯ ಹಾಗಲ್ಲ.

ಹೊಸ ಕಾರಿಗೆಲ್ಲ ಕ್ಯಾಮೆರಾ ಕಡ್ಡಾಯ ಅಂತಾರೆ. ಆರ್‌ವಿಯಲ್ಲೂ ಇದ್ದೇ ಇರುತ್ತದಲ್ಲವೇ?

ಹೀಗೆಂದುಕೊಂಡೇ ಬಹಳ ಜನ ಮೋಸ ಹೋಗುತ್ತಾರೆ. 2018ರ ಮೇ 1ರಿಂದ ಅಮೆರಿಕದಲ್ಲಿ ಮಾರಾಟಕ್ಕೆ ತಯಾರಾಗುವ ಹೊಸ ಗಾಡಿಗಳಿಗೆ ಹಿಂಬದಿ ಕ್ಯಾಮೆರಾ ಕಡ್ಡಾಯ, ನಿಜ. ಆದರೆ ಆ ನಿಯಮ ತುಂಬು ಭಾರದ ಮಿತಿ 10,000 ಪೌಂಡ್ ಒಳಗಿರುವ ಗಾಡಿಗಳಿಗೆ ಮಾತ್ರ. ಮುಂದೆ ವ್ಯಾನಿನ ಮುಖ, ಹಿಂದೆ ಕಟ್ಟಿದ ಮನೆ ಇರುವ ಕ್ಲಾಸ್ ಸಿ ಆರ್‌ವಿಗಳು ಹೆಚ್ಚಾಗಿ ಕೂರುವ ಫೋರ್ಡ್ ಇ-450 ಚಾಸಿಯ (ಗಾಡಿಯ ತಳಕಟ್ಟಿನ) ಮಿತಿಯೇ 14,500 ಪೌಂಡ್. ಬಸ್ಸಿನ ಗಾತ್ರದ ಕ್ಲಾಸ್ ಎ ಅದಕ್ಕೂ ಭಾರ. ಇನ್ನೊಂದು ಗಾಡಿಯ ಹಿಂದೆ ಕಟ್ಟಿ ಎಳೆಯುವ, ಎಂಜಿನ್ ಇಲ್ಲದ ಟ್ರೇಲರ್‌ಗಳಂತೂ ಆ ನಿಯಮದ ಲೆಕ್ಕಕ್ಕೇ ಇಲ್ಲ. ಸಣ್ಣ ಕಾರಿಗೆ ಕಡ್ಡಾಯವಾದದ್ದು, ಹಿಂದೆ ಏನೇನೂ ಕಾಣದ ದೊಡ್ಡ ಗಾಡಿಗೆ ತಯಾರಕರ ಇಷ್ಟಕ್ಕೆ ಬಿಟ್ಟದ್ದು. ಇದು ನನಗೆ ಇಂದಿಗೂ ಒಪ್ಪಿಗೆಯಾಗದ ಸಂಗತಿ.

ನಿಯಮ ಬಂದ ಹಿನ್ನೆಲೆ ತಿಳಿದಿದ್ದರೆ ಒಳ್ಳೆಯದು. ಅದರ ಮೂಲದಲ್ಲಿರುವ ಕಾಯ್ದೆಗೆ ಕ್ಯಾಮರೂನ್ ಗಲ್ಬ್ರಾನ್ಸನ್ ಎಂಬ ಎರಡು ವರ್ಷದ ಮಗುವಿನ ಹೆಸರಿದೆ. ಮನೆಯಂಗಳದಲ್ಲಿ, ಅಪ್ಪನೇ ರಿವರ್ಸ್ ತೆಗೆಯುತ್ತಿದ್ದ ಗಾಡಿಯಡಿ ಸಿಕ್ಕಿ ಆ ಮಗು 2002ರಲ್ಲಿ ತೀರಿಕೊಂಡಿತು. 2014ರಲ್ಲಿ ನಿಯಮ ಅಂತಿಮಗೊಳಿಸುವಾಗ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಒಂದು ಅಂದಾಜು ಕೊಟ್ಟಿತ್ತು: ಇಂಥ ಹಿಮ್ಮುಖ ಅಪಘಾತಗಳಲ್ಲಿ ವರ್ಷಕ್ಕೆ ಸರಾಸರಿ 210 ಸಾವು, 15,000 ಗಾಯಾಳುಗಳು. ಸತ್ತವರಲ್ಲಿ ಶೇ. 31ರಷ್ಟು ಐದು ವರ್ಷದೊಳಗಿನ ಮಕ್ಕಳು, ಶೇ. 26ರಷ್ಟು 70 ದಾಟಿದ ಹಿರಿಯರು. ಇದು ಸಣ್ಣ ಗಾಡಿಗಳ ಲೆಕ್ಕ. ಈಗ ನಿಮ್ಮ ಆರ್‌ವಿಯಲ್ಲಿ ಪ್ರಯಾಣಕ್ಕೆ ಹೊರಟಿರುವವರನ್ನು ನೆನಪಿಸಿಕೊಳ್ಳಿ. ಅಜ್ಜ, ಅಜ್ಜಿ, ಮೊಮ್ಮಕ್ಕಳು.

ವ್ಯಾನ್ ಮೇಲೆ ಕಟ್ಟಿದ ಕ್ಲಾಸ್ ಬಿ ಗಾಡಿಗಳಲ್ಲಿ ಕೆಲವು 10,000 ಪೌಂಡಿನ ಒಳಗೇ ಬರುತ್ತವೆ. ಅಂಥವುಗಳಲ್ಲಿ ಕ್ಯಾಮೆರಾ ಕಂಪನಿಯಿಂದಲೇ ಬಂದಿರುತ್ತದೆ.

ಅಷ್ಟು ದೊಡ್ಡ ಸೈಡ್ ಮಿರರ್ ಇದೆಯಲ್ಲ, ಸಾಲದೇ?

ಸೈಡ್ ಮಿರರ್ ಪಕ್ಕ ತೋರಿಸುತ್ತದೆ, ಬೆನ್ನು ತೋರಿಸುವುದಿಲ್ಲ. ಆರ್‌ವಿಯ ಮೈ ಎಂಟು ಅಡಿಗೂ ಹೆಚ್ಚು ಅಗಲ. ನೇರ ಹಿಂದಿನ ಜಾಗ ಪೂರ್ತಿ ಆ ಗೋಡೆಯ ಮರೆಯಲ್ಲಿರುತ್ತದೆ. ಒಳಗಿನ ಮಿರರ್ ಇದ್ದರೂ ಅದರಲ್ಲಿ ಕಾಣುವುದು ಅಡುಗೆಕಟ್ಟೆ, ಹಾಸಿಗೆ, ಬಚ್ಚಲಿನ ಬಾಗಿಲು.

ಹಾಗಂತ ಕ್ಯಾಮೆರಾ ಬಂದ ಮೇಲೆ ಮಿರರ್ ಬೇಡ ಎಂದಲ್ಲ. ರಿವರ್ಸ್ ತೆಗೆಯುವಾಗ ಗಾಡಿಯ ದಾರಿ ತಿಳಿಯುವುದು ಮಿರರ್‌ನಲ್ಲೇ: ಹಿಂಚಕ್ರ ಎಲ್ಲಿದೆ, ಪಕ್ಕದ ಕಂಬಕ್ಕೆ ಎಷ್ಟು ಜಾಗವಿದೆ, ಗಾಡಿ ಗೆರೆಗೆ ನೇರ ಇದೆಯೇ. ಪರದೆಯನ್ನೇ ದಿಟ್ಟಿಸಿಕೊಂಡು ರಿವರ್ಸ್ ಹೋಗುವವರು ಹಿಂದಿನ ಮರ ತಪ್ಪಿಸಿ ಪಕ್ಕದ ಕರೆಂಟ್ ಪೆಟ್ಟಿಗೆಗೆ ಗುದ್ದುತ್ತಾರೆ. ಎಡ ಮಿರರ್, ಪರದೆ, ಬಲ ಮಿರರ್, ಮತ್ತೆ ಪರದೆ. ಕಣ್ಣು ಸುತ್ತುತ್ತಲೇ ಇರಬೇಕು. ಸ್ಟೀರಿಂಗ್ ತಿರುಗಿಸುವುದು ಮಿರರ್ ನೋಡಿ, ನಿಲ್ಲಿಸುವುದು ಪರದೆ ನೋಡಿ ಎಂದು ರೂಢಿ ಮಾಡಿಕೊಂಡರೆ ಗೊಂದಲವಿಲ್ಲ.

ರಿವರ್ಸ್ ತೆಗೆಯುವುದು ದಿನಕ್ಕೆ ಒಂದು ಸಲ. ಅದಕ್ಕಾಗಿ ಇಷ್ಟೆಲ್ಲ ಯಾಕೆ?

ನನ್ನನ್ನು ಕೇಳಿದರೆ ಕ್ಯಾಮೆರಾದ ಹೆಚ್ಚಿನ ಉಪಯೋಗ ಮುಂದಕ್ಕೆ ಓಡಿಸುವಾಗಲೇ. ಅದಕ್ಕೇ ರಿವರ್ಸ್ ಗೇರ್ ಹಾಕಿದಾಗ ಮಾತ್ರ ಹೊತ್ತಿಕೊಳ್ಳುವ ಸೆಟ್ ಬದಲು ಸದಾ ಚಾಲೂ ಇಡಬಹುದಾದದ್ದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ.

ಹೈವೇಯಲ್ಲಿ ಲೇನ್ ಬದಲಿಸುವಾಗ ಬೆನ್ನಿಗೇ ಅಂಟಿಕೊಂಡು ಬರುತ್ತಿರುವ ಸಣ್ಣ ಕಾರು ಮಿರರ್‌ಗೆ ಸಿಗುವುದೇ ಇಲ್ಲ, ಪರದೆಯಲ್ಲಿ ಸಿಗುತ್ತದೆ. ಒಂದು ಟ್ರಕ್ಕನ್ನು ಹಿಂದೆ ಹಾಕಿ ಬಲಕ್ಕೆ ಸೇರಿಕೊಳ್ಳುವಾಗ ನಮ್ಮ ಬಾಲ ಅದನ್ನು ದಾಟಿತೇ ಎಂದು ಕತ್ತು ಉದ್ದ ಮಾಡಬೇಕಿಲ್ಲ. ಸೈಕಲ್ ಸ್ಟ್ಯಾಂಡ್ ಕಟ್ಟಿದ್ದರೆ ಇನ್ನೂ ಅಗತ್ಯ. ಆರ್‌ವಿಯ ಹಿಂತುದಿಯಲ್ಲಿ ಕುಲುಕಾಟ ವಿಪರೀತ. ಬೆಲ್ಟ್ ಸಡಿಲವಾಗಿ ಒಂದು ಸೈಕಲ್ ವಾಲಿಕೊಂಡರೆ ಡ್ರೈವರ್ ಸೀಟಿಗೆ ಸದ್ದೂ ಬರುವುದಿಲ್ಲ.

ದೊಡ್ಡ ಮೋಟರ್‌ಹೋಮ್ (ತನ್ನದೇ ಎಂಜಿನ್ ಇರುವ ಆರ್‌ವಿ) ಹಿಂದೆ ಕಾರನ್ನು ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆದುಕೊಂಡು ಹೋಗುವವರಿಗಂತೂ ಕ್ಯಾಮೆರಾ ಬೇಕೇ ಬೇಕು. ಆ ಕಾರಿನ ಟಯರ್ ಪಂಕ್ಚರ್ ಆದರೆ ಮುಂದೆ ಕೂತವರಿಗೆ ಗೊತ್ತಾಗುವ ದಾರಿಯೇ ಇಲ್ಲ. ಎಳೆಯುತ್ತಿರುವ ಗಾಡಿಯ ಭಾರದ ಮುಂದೆ ಆ ಎಳೆತ ಲೆಕ್ಕಕ್ಕೆ ಬರುವುದಿಲ್ಲ. ರಬ್ಬರ್ ಹರಿದು ಚಿಂದಿಯಾಗಿ, ರಿಮ್ ರಸ್ತೆಗೆ ಉಜ್ಜಿ ಕಿಡಿ ಹಾರುವವರೆಗೂ ಗಾಡಿ ಹಾಯಾಗಿ ಓಡುತ್ತಿರುತ್ತದೆ. ಪರದೆಯಲ್ಲಿ ಕಾರು ಒಂದು ಕಡೆಗೆ ವಾಲಿದ್ದು ಕಂಡರೆ ತಕ್ಷಣ ಬದಿಗೆ ಹಾಕಬಹುದು. ನೆನಪಿಡಿ, ಹೀಗೆ ಕಾರು ಕಟ್ಟಿದಾಗ ರಿವರ್ಸ್ ತೆಗೆಯಲೇಬಾರದು. ಕಾರಿನ ಮುಂಚಕ್ರಗಳು ತಾವಾಗಿ ಒಂದು ಕಡೆಗೆ ತಿರುಗಿ, ಕಾರನ್ನು ಎಳೆಯುವ ಸರಳು (ಟೋ ಬಾರ್) ಬಗ್ಗಿಹೋಗುತ್ತದೆ. ಕಾರು ಬಿಚ್ಚಿಯೇ ಹಿಂದೆ ಹೋಗಬೇಕು. ಅಂದರೆ ಇವರಿಗೆ ಕ್ಯಾಮೆರಾದ ಕೆಲಸವೆಲ್ಲ ಗಾಡಿ ಮುಂದಕ್ಕೆ ಓಡುವಾಗಲೇ.

ನಾವು ಪುಲ್-ಥ್ರೂ ಸೈಟನ್ನೇ ಬುಕ್ ಮಾಡುತ್ತೇವೆ. ಆಗಲೂ ಬೇಕೇ?

ಖಾಸಗಿ ಆರ್‌ವಿ ಪಾರ್ಕ್‌ಗಳಲ್ಲಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಡುವ ಸೈಟು ಸಿಗುತ್ತದೆ, ದರ ಸ್ವಲ್ಪ ಹೆಚ್ಚು. ರಾಷ್ಟ್ರೀಯ ಉದ್ಯಾನಗಳ ಒಳಗಿನ ಹಳೇ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಆ ಭರವಸೆ ಇಲ್ಲ. ಅಲ್ಲಿ ಮರಗಳ ನಡುವೆ ಕಿರಿದಾದ ದಾರಿ, ಪಕ್ಕದಲ್ಲಿ ಬಂಡೆ, ಬೆಂಕಿಗುಂಡಿ, ಊಟದ ಬೆಂಚು. ಯೊಸೆಮಿಟಿಯ ಅಪ್ಪರ್ ಪೈನ್ಸ್‌ನಲ್ಲಿ ಆರ್‌ವಿಗೆ 35 ಅಡಿ, ಟ್ರೇಲರ್‌ಗೆ 24 ಅಡಿ ಮಿತಿ. ಸೈಟಿನ ಉದ್ದ ಗಾಡಿಗೆ ಸರಿಹೊಂದಿದರೂ ಹಿಂದೆ ಉಳಿಯುವ ಜಾಗ ಅಷ್ಟಕ್ಕಷ್ಟೇ. ಇನ್ನು ಪೆಟ್ರೋಲ್ ಬಂಕಿನಲ್ಲಿ ಮುಂದೆ ಒಬ್ಬ ಗಾಡಿ ನಿಲ್ಲಿಸಿ ಅಂಗಡಿಗೆ ಹೋದರೆ, ತಪ್ಪು ರಸ್ತೆಗೆ ತಿರುಗಿ ಮುಂದೆ ದಾರಿ ಮುಗಿದರೆ, ಪುಲ್-ಥ್ರೂ ಬುಕಿಂಗ್ ನೆರವಿಗೆ ಬರುವುದಿಲ್ಲ.

ವೈರ್ ಇರುವುದು ಒಳ್ಳೆಯದೋ ವೈರ್‌ಲೆಸ್ಸೋ?

ಕ್ಲಾಸ್ ಎ, ಕ್ಲಾಸ್ ಸಿ ಎರಡಕ್ಕೂ ನನ್ನ ಮತ ವೈರ್‌ಗೆ. ಗಾಡಿ ಒಂದೇ ತುಂಡು. ಒಮ್ಮೆ ಮುಂದಿನಿಂದ ಹಿಂದಿನವರೆಗೆ ಕೇಬಲ್ ಎಳೆದುಬಿಟ್ಟರೆ ಚಿತ್ರ ತಡವರಿಸುವುದಿಲ್ಲ, ವರ್ಷಗಟ್ಟಲೆ ತಲೆನೋವಿಲ್ಲ. ಕಷ್ಟವೆಂದರೆ ಆ ಎಳೆಯುವ ಕೆಲಸವೇ. 30 ಅಡಿ ಗಾಡಿಯ ಅಡಿಯಲ್ಲಿ ಸೈಲೆನ್ಸರ್ ಬಿಸಿ ತಾಗದಂತೆ, ಚೂಪು ಅಂಚಿಗೆ ಉಜ್ಜದಂತೆ ಕೇಬಲ್ ಕಟ್ಟಿಕೊಂಡು ಬರಲು ಇಡೀ ದಿನ ಹಿಡಿಯಬಹುದು.

ಟ್ರೇಲರ್, ಫಿಫ್ತ್ ವೀಲ್ (ಪಿಕಪ್‌ನ ಹಿಂದಿನ ತೊಟ್ಟಿಯೊಳಗೆ ಜೋಡಿಸುವ ದೊಡ್ಡ ಟ್ರೇಲರ್) ಇದ್ದವರಿಗೆ ಡಿಜಿಟಲ್ ವೈರ್‌ಲೆಸ್ ಅನುಕೂಲ, ಯಾಕೆಂದರೆ ಪಿಕಪ್‌ನಿಂದ ಟ್ರೇಲರ್ ಬಿಚ್ಚುವಾಗೆಲ್ಲ ಕೇಬಲ್ ಬಿಚ್ಚಬೇಕಿಲ್ಲ. ಅಗ್ಗದ ಅನಲಾಗ್ ವೈರ್‌ಲೆಸ್ ಮಾತ್ರ ಬೇಡ. ಪಕ್ಕದಲ್ಲಿ ಅದೇ ತರಂಗದ ಇನ್ನೊಂದು ಉಪಕರಣ ಇದ್ದರೆ ಪರದೆಯ ತುಂಬ ಗೆರೆ ಕುಣಿಯುತ್ತವೆ. ಡಿಜಿಟಲ್ ಸೆಟ್‌ನಲ್ಲಿ ಕ್ಯಾಮೆರಾ ಮತ್ತು ಪರದೆ ಮೊದಲೇ ಜೋಡಿಯಾಗಿರುವುದರಿಂದ ಈ ಕಾಟವಿಲ್ಲ. ಆದರೂ ಕೊಳ್ಳುವ ಮೊದಲು ಚಿತ್ರ ಎಷ್ಟು ತಡವಾಗಿ ಬರುತ್ತದೆ ಎಂದು ನೋಡಿ. ಗಂಟೆಗೆ ಬರೀ 5 ಕಿ.ಮೀ. ವೇಗದಲ್ಲಿ ಹಿಂದೆ ಹೋಗುತ್ತಿದ್ದರೂ ಅರ್ಧ ಸೆಕೆಂಡಿಗೆ ಸುಮಾರು 70 ಸೆಂ.ಮೀ. ಸರಿದಿರುತ್ತೀರಿ. ಪರದೆಯಲ್ಲಿ ಇನ್ನೂ ಮೂರಡಿ ದೂರವಿದೆ ಎಂದು ಕಂಡ ಕಂಬ ಅಷ್ಟರಲ್ಲಿ ಮುಕ್ಕಾಲು ಪಾಲು ಹತ್ತಿರ ಬಂದಾಗಿದೆ.

ಉದ್ದದ ಟ್ರೇಲರ್‌ನಲ್ಲಿ ಸಿಗ್ನಲ್ ಕಡಿದುಹೋಗುತ್ತಿದ್ದರೆ ಆಂಟೆನಾವನ್ನು ಕೇಬಲ್ ಮೂಲಕ ಟ್ರೇಲರ್‌ನ ಮುಂಭಾಗಕ್ಕೆ ತರುವ ಕಿಟ್ ಸಿಗುತ್ತದೆ.

ಟ್ರೇಲರ್‌ಗೆ ಕ್ಯಾಮೆರಾ ಹಾಕಿದೆ, ಬೆಳಿಗ್ಗೆ ಚಿತ್ರವೇ ಬರುತ್ತಿಲ್ಲ. ಕೆಟ್ಟಿದೆಯೇ?

ಮೊದಲು ಹೆಡ್‌ಲೈಟ್ ಹಾಕಿ ನೋಡಿ. ಎಷ್ಟೋ ಟ್ರೇಲರ್‌ಗಳ ಹಿಂದೆ ಮೇಲ್ಗಡೆ ಕ್ಯಾಮೆರಾಗೆಂದು ಕಂಪನಿಯವರೇ ಒಂದು ಚೌಕಟ್ಟು, ಅದರೊಳಗೆ ವೈರ್ ಕೊಟ್ಟಿರುತ್ತಾರೆ. ಆ ವೈರ್‌ಗೆ ಕರೆಂಟ್ ಬರುವುದು ಸಾಮಾನ್ಯವಾಗಿ ರನ್ನಿಂಗ್ ಲೈಟ್‌ನ (ಹೆಡ್‌ಲೈಟ್ ಜೊತೆಗೇ ಹೊತ್ತುವ ಟ್ರೇಲರ್‌ನ ಸಣ್ಣ ದೀಪಗಳ) ಸಾಲಿನಿಂದ. ಲೈಟ್ ಹಾಕಿದರೆ ಕ್ಯಾಮೆರಾಗೂ ಜೀವ. ಹಗಲಲ್ಲೂ ಲೈಟ್ ಹಾಕಿಕೊಂಡೇ ಓಡಿಸುವುದು ಹೇಗಿದ್ದರೂ ಒಳ್ಳೆಯ ಅಭ್ಯಾಸ.

ಎಲ್ಲಿ ಕೂರಿಸಬೇಕು? ಗೋಡೆಗೆ ರಂಧ್ರ ಕೊರೆಯಲು ಭಯ.

ಭಯ ಇರಬೇಕಾದದ್ದೇ, ಆರ್‌ವಿ ಹಾಳಾಗುವುದು ಹೆಚ್ಚಾಗಿ ನೀರಿಳಿದು. ಫೈಬರ್‌ಗ್ಲಾಸ್ ಗೋಡೆಯ ಒಳಗೆ ಮರದ ಚೌಕಟ್ಟು ಇದ್ದರೆ ಒಂದು ಸ್ಕ್ರೂ ತೂತಿನಿಂದ ಇಳಿದ ಮಳೆನೀರು ಎರಡು ವರ್ಷದಲ್ಲಿ ಅದನ್ನು ಕೊಳೆಸಿಬಿಡುತ್ತದೆ. ಆದ್ದರಿಂದ ಹೊಸ ರಂಧ್ರ ಆದಷ್ಟು ತಪ್ಪಿಸಿ. ಅಗಲದ ಗಾಡಿಗಳ ಹಿಂದೆ, ನೆತ್ತಿಯ ನಡುವೆ, ಒಂದೇ ಸಾಲಿನಲ್ಲಿ ಮೂರು ಕೆಂಪು ದೀಪಗಳಿರುತ್ತವೆ. ನಡುವಿನ ದೀಪವನ್ನು ತೆಗೆದು ದೀಪವೂ ಕ್ಯಾಮೆರಾವೂ ಒಂದಾಗಿರುವ ಘಟಕ ಕೂರಿಸಬಹುದು. ತೂತು ಆಗಲೇ ಇದೆ, ವೈರೂ ಇದೆ. ಕೊರೆಯಲೇಬೇಕಾದರೆ ತಳಕ್ಕೆ ಬ್ಯೂಟೈಲ್ ಟೇಪ್ (ನೀರಿಳಿಯದಂತೆ ತಡೆಯುವ ಮೆತ್ತನೆಯ ಅಂಟುಪಟ್ಟಿ), ಸುತ್ತ ಆರ್‌ವಿಗೆಂದೇ ಇರುವ ಸೀಲೆಂಟ್. ಮಾಮೂಲಿ ಬಾತ್‌ರೂಮ್ ಸಿಲಿಕಾನ್ ಬಳಸಬೇಡಿ, ಮುಂದೆ ಕಿತ್ತು ಹೊಸದು ಹಚ್ಚುವಾಗ ಅದರ ಮೇಲೆ ಏನೂ ಹಿಡಿಯುವುದಿಲ್ಲ.

ಕ್ಯಾಮೆರಾ ಎತ್ತರದಲ್ಲಿ, ನಡುಮಧ್ಯದಲ್ಲಿ, ಕೆಳಮುಖವಾಗಿರಲಿ. ಚಿತ್ರದ ಕೆಳ ಅಂಚಿನಲ್ಲಿ ನಿಮ್ಮದೇ ಬಂಪರ್ ಒಂದು ಗೆರೆಯಷ್ಟಾದರೂ ಕಾಣಬೇಕು. ಬಂಪರ್ ಕಾಣದ ಚಿತ್ರದಲ್ಲಿ ದೂರ ಅಳೆಯಲು ಆಧಾರವೇ ಇರುವುದಿಲ್ಲ. ಧೂಳು, ನೀರು ತಡೆಯುವ ಬಗ್ಗೆ ಐಪಿ69ಕೆ ಎಂಬ ಗುರುತು ಇದ್ದರೆ ಪ್ರೆಶರ್ ವಾಶ್ ಹೊಡೆದರೂ ತಡೆದುಕೊಳ್ಳುತ್ತದೆ.

ಪರದೆ ಮೇಲಿನ ಹಸಿರು, ಹಳದಿ, ಕೆಂಪು ಗೆರೆಗಳನ್ನು ನಂಬಬಹುದೇ?

ಅಳೆದು ನೋಡದೆ ನಂಬಬೇಡಿ. ಅಗಲ ಕೋನದ ಲೆನ್ಸ್ ಎಲ್ಲವನ್ನೂ ದೂರ ತಳ್ಳಿ ತೋರಿಸುತ್ತದೆ. ಆ ಗೆರೆಗಳು ಯಾವ ಎತ್ತರ, ಯಾವ ಕೋನಕ್ಕೆ ಲೆಕ್ಕ ಹಾಕಿದ್ದೋ, ನಿಮ್ಮ ಗಾಡಿ ಎತ್ತರವೇ ಬೇರೆ.

ಖಾಲಿ ಪಾರ್ಕಿಂಗ್ ಜಾಗದಲ್ಲಿ ಗಾಡಿ ನಿಲ್ಲಿಸಿ, ಟೇಪ್ ಹಿಡಿದು ಬಂಪರ್‌ನಿಂದ 3 ಅಡಿ, 6 ಅಡಿ, 10 ಅಡಿಗೆ ಒಂದೊಂದು ನೀರಿನ ಬಾಟಲಿ ಇಡಿ. ಒಬ್ಬರು ಸೀಟಿನಲ್ಲಿ ಕೂತು, ಬಾಟಲಿಯ ಬುಡ ಪರದೆಯಲ್ಲಿ ಎಲ್ಲಿ ಕಾಣುತ್ತದೋ ಅಲ್ಲಿ ಅಂಚಿಗೆ ಬಣ್ಣದ ಟೇಪಿನ ಚೂರು ಅಂಟಿಸಿ. ಬುಡವನ್ನೇ ನೋಡಬೇಕು, ತಲೆಯನ್ನಲ್ಲ; ಎತ್ತರದಿಂದ ನೋಡುವ ಕ್ಯಾಮೆರಾಗೆ ತಲೆ ಇನ್ನೂ ಹಿಂದಿರುವಂತೆ ತೋರುತ್ತದೆ. ಸೈಕಲ್ ಸ್ಟ್ಯಾಂಡ್ ಇದ್ದರೆ ಬಂಪರ್ ಬದಲು ಅದರ ತುದಿಯಿಂದ ಅಳೆಯಿರಿ. ಅಷ್ಟೇ ಕೆಲಸ, ಕಾಲು ಗಂಟೆಯೂ ಬೇಡ. ಆಮೇಲೆ ಕಂಪನಿಯ ಬಣ್ಣದ ಗೆರೆ ಏನೇ ಹೇಳಲಿ, ನಿಮ್ಮ ಟೇಪಿನ ಚೂರೇ ಪ್ರಮಾಣ.

ಬೀಪ್ ಬೀಪ್ ಸೆನ್ಸರ್ ಸಾಕಲ್ಲವೇ?

ಊರಲ್ಲಿ ಕಾರು ಓಡಿಸಿ ಬಂದವರಿಗೆ ಅದು ರೂಢಿ; ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯವಾಗಿದೆ. ಏನೋ ಇದೆ ಎಂದು ಸೆನ್ಸರ್ ಹೇಳುತ್ತದೆ, ಏನಿದೆ ಎಂದು ಹೇಳುವುದಿಲ್ಲ. ಕ್ಯಾಂಪ್ ಸೈಟಿನಲ್ಲಿ ಹುಲ್ಲಿಗೂ ಪೊದೆಗೂ ಅದು ಕೂಗುತ್ತಲೇ ಇದ್ದರೆ ಕೊನೆಗೆ ನಾವೇ ಕಿವಿಗೊಡುವುದು ಬಿಡುತ್ತೇವೆ. ಜೊತೆಗಿದ್ದರೆ ಒಳ್ಳೆಯದು, ಕ್ಯಾಮೆರಾಗೆ ಬದಲಿಯಲ್ಲ.

ಕ್ಯಾಮೆರಾಗೆ ಕಾಣದ್ದು ಏನು?

ತಲೆಯ ಮೇಲಿನದು. ಕೆಳಮುಖ ಕ್ಯಾಮೆರಾ ಬಾಗಿದ ಕೊಂಬೆಯನ್ನು ತೋರಿಸುವುದಿಲ್ಲ. ಆರ್‌ವಿ ಎತ್ತರ 10 ಅಡಿಯಿಂದ ಹದಿಮೂರೂವರೆ ಅಡಿವರೆಗೂ ಇರುತ್ತದೆ, ನೆತ್ತಿಯ ಮೇಲೆ ಎಸಿ ಬೇರೆ. ಕ್ಯಾಂಪ್‌ಗ್ರೌಂಡಿನಲ್ಲಿ ಎಸಿ ಮುಚ್ಚಳ ಒಡೆಯುವುದು ಕೊಂಬೆಗೇ. ಹಿಂಚಕ್ರದಿಂದಾಚೆಗೆ ಚಾಚಿರುವ ಬಾಲವೂ ಅದಕ್ಕೆ ಕಾಣದು. ಬಿಗಿಯಾಗಿ ಎಡಕ್ಕೆ ತಿರುಗಿಸಿದರೆ ಬಾಲದ ಬಲ ಮೂಲೆ ಹೊರಕ್ಕೆ ಬೀಸುತ್ತದೆ. ಪಕ್ಕದ ಕಾರಿಗೆ ಉಜ್ಜುವುದು ಆ ಮೂಲೆ. ಅದನ್ನು ಮಿರರ್‌ನಲ್ಲೇ ನೋಡಬೇಕು. ತಗ್ಗು, ಕೆಸರು, ಇಳಿಜಾರಿನ ಅಂದಾಜೂ ಪರದೆಯಲ್ಲಿ ಸಿಗುವುದಿಲ್ಲ.

ಅದಕ್ಕೇ ಯಾವ ಜಾಗಕ್ಕೇ ಆಗಲಿ ರಿವರ್ಸ್ ಹೋಗುವ ಮೊದಲು ಇಳಿದು, ಒಂದು ಸುತ್ತು ನಡೆದು, ತಲೆಯೆತ್ತಿಯೂ ನೋಡಿ. ಸಂಕೋಚ ಬೇಡ. ದಿನವಿಡೀ ಗಾಡಿ ಓಡಿಸುವ ಟ್ರಕ್ ಡ್ರೈವರ್‌ಗಳೂ ಇಳಿದೇ ನೋಡುತ್ತಾರೆ.

ಕ್ಯಾಮೆರಾ ಇದ್ದರೆ ಹಿಂದೆ ನಿಂತು ಹೇಳುವವರು ಬೇಡವೇ?

ಬೇಕು, ಆದರೆ ಒಬ್ಬರೇ. ನಮ್ಮಲ್ಲಿ ಗಾಡಿ ರಿವರ್ಸ್ ಎಂದರೆ ಮನೆಮಂದಿಯೆಲ್ಲ ಇಳಿದು "ಬರ್ಲಿ ಬರ್ಲಿ" ಎನ್ನುತ್ತಾರೆ. ಅಪ್ಪ ಒಂದು ಕಡೆ ಕೈ ಬೀಸಿದರೆ ಭಾವ ಇನ್ನೊಂದು ಕಡೆ. ಎಲ್ಲರಿಗಿಂತ ಹತ್ತಿರ ನಿಲ್ಲುವುದು ಮಕ್ಕಳು. ಪ್ರೀತಿಯಿಂದಲೇ ಹೇಳಿ: "ಅಪ್ಪ, ನೀವು ಮಕ್ಕಳನ್ನು ಕರೆದುಕೊಂಡು ಆ ಬೆಂಚಿನ ಹತ್ತಿರ ಕೂತಿರಿ, ಇವಳೊಬ್ಬಳೇ ಹೇಳಲಿ." ಹೇಳುವವರು ಡ್ರೈವರ್ ಕಡೆಯ ಮಿರರ್‌ನಲ್ಲಿ ಕಾಣುವಂತೆ ನಿಲ್ಲಬೇಕು, ನೇರ ಹಿಂದೆ ಎಂದೂ ನಿಲ್ಲಬಾರದು. ಮಿರರ್‌ನಲ್ಲಿ ಅವರು ಕಾಣದಾದ ಕ್ಷಣ ಬ್ರೇಕ್ ಒತ್ತಿ. ಫೋನ್ ಸ್ಪೀಕರ್‌ಗೆ ಹಾಕಿಕೊಂಡರೆ ಕಿರುಚಬೇಕಿಲ್ಲ. ಎಡ, ಬಲ ಎನ್ನಬೇಡಿ; ಎದುರುಬದುರು ನಿಂತಾಗ ಯಾರ ಎಡ ಎಂಬುದೇ ಗಲಿಬಿಲಿ. "ಡ್ರೈವರ್ ಕಡೆ", "ಪ್ಯಾಸೆಂಜರ್ ಕಡೆ", "ನಿಲ್ಲಿಸು", ಈ ಮೂರು ಮಾತು ಸಾಕು.

ಜೊತೆಗೆ ಯಾರೂ ಇಲ್ಲದೆ ಒಬ್ಬರೇ ಓಡಾಡುವ ನಿವೃತ್ತರು ಅಮೆರಿಕದಲ್ಲಿ ಬಹಳ. ಅವರಿಗೆ ಕ್ಯಾಮೆರಾ ಇನ್ನಷ್ಟು ಮುಖ್ಯ.

ಫಿಫ್ತ್ ವೀಲ್ ರಿವರ್ಸ್ ಮಾಡುವಾಗ ಕ್ಯಾಮೆರಾ ನೋಡಿದರೆ ದಿಕ್ಕೇ ತಪ್ಪುತ್ತದೆ. ಏನು ಮಾಡಲಿ?

ಟ್ರೇಲರ್ ತಿರುಗಿಸುವಾಗ ಪರದೆ ನೋಡಬೇಡಿ. ಸ್ಟೀರಿಂಗ್‌ನ ಕೆಳಭಾಗ ಹಿಡಿದು, ಟ್ರೇಲರ್‌ನ ಬಾಲ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೆ ಸರಿಸಿ, ಕಣ್ಣು ಮಿರರ್ ಮೇಲಿರಲಿ. ಆದಷ್ಟು ಡ್ರೈವರ್ ಕಡೆಗೇ ತಿರುಗುವ ಸೈಟು ಆರಿಸಿಕೊಳ್ಳಿ. ಪಿಕಪ್ಪೂ ಟ್ರೇಲರ್ರೂ ಮಡಚಿಕೊಂಡಾಗ ಆಚೆ ಬದಿಯ ಮಿರರ್‌ನಲ್ಲಿ ಟ್ರೇಲರ್‌ನ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ. ಆಗ ನಿಲ್ಲಿಸಿ ಪರದೆ ನೋಡಿ, ಹಿಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಮತ್ತೆ ಮಿರರ್‌ಗೆ ಬನ್ನಿ.

ರಾತ್ರಿ, ಮಳೆಯಲ್ಲಿ ಕಾಣುತ್ತದೆಯೇ?

ಇನ್‌ಫ್ರಾರೆಡ್ ದೀಪಗಳಿದ್ದರೆ ರಾತ್ರಿ ಕಪ್ಪು ಬಿಳುಪು ಚಿತ್ರ ಬರುತ್ತದೆ, ಹತ್ತಿರದ್ದಕ್ಕೆ ಸಾಕು. ಮಳೆಯಲ್ಲಿ ಗಾಡಿಯ ಹಿಂದೆ ಏಳುವ ಕೆಸರುತುಂತುರು ಲೆನ್ಸ್‌ಗೆ ಕೂರುತ್ತದೆ. ಪ್ರತಿ ಬೆಳಿಗ್ಗೆ ಹೊರಡುವ ಮೊದಲು ಒದ್ದೆ ಬಟ್ಟೆಯನ್ನು ಉದ್ದ ಕೋಲಿಗೆ ಸುತ್ತಿ ಒಮ್ಮೆ ಒರೆಸಿ. ಸಾಧ್ಯವಾದರೆ ಬೆಳಕಿರುವಾಗಲೇ ಕ್ಯಾಂಪ್ ತಲುಪಿ.

ಬಾಡಿಗೆ ಗಾಡಿಯಲ್ಲಿ ಇಲ್ಲದಿದ್ದರೆ?

ಬುಕ್ ಮಾಡುವಾಗಲೇ ಕೇಳಿ, ಗಾಡಿ ಕೈಗೆ ತೆಗೆದುಕೊಳ್ಳುವಾಗ ರಿವರ್ಸ್ ಹಾಕಿಸಿ ನೋಡಿ. ಇಲ್ಲವೆಂದರೆ ಬ್ಯಾಟರಿ ಮೇಲೆ ನಡೆಯುವ, ಫೋನ್‌ಗೋ ಪುಟ್ಟ ಪರದೆಗೋ ಚಿತ್ರ ಕಳಿಸುವ ಕ್ಯಾಮೆರಾ ಸಿಗುತ್ತದೆ. ಮ್ಯಾಗ್ನೆಟ್ ಇರುವುದನ್ನು ಕೊಳ್ಳುವವರು ಒಂದು ವಿಷಯ ಗಮನಿಸಿ: ಆರ್‌ವಿಯ ಗೋಡೆ ಹೆಚ್ಚಾಗಿ ಫೈಬರ್‌ಗ್ಲಾಸ್ ಅಥವಾ ಅಲ್ಯೂಮಿನಿಯಂ, ಮ್ಯಾಗ್ನೆಟ್ ಅದಕ್ಕೆ ಹಿಡಿಯುವುದಿಲ್ಲ. ಹಿಂದಿನ ಕಬ್ಬಿಣದ ಬಂಪರ್‌ಗೋ ಹಿಚ್‌ಗೋ (ಟ್ರೇಲರ್ ಸಿಕ್ಕಿಸುವ ಕೊಂಡಿ) ಅಂಟಿಸಬಹುದು. ನೋಟ ತಗ್ಗಿನಲ್ಲಿರುತ್ತದೆ, ಆದರೂ ಮಗು, ನಾಯಿ, ಗಿಡ್ಡ ಕಂಬ ಕಾಣುತ್ತವೆ. ಬಾಡಿಗೆ ಕರಾರಿನ ವಿಮೆಯ ಪುಟವನ್ನು ಪೂರ್ತಿ ಓದಿ. ಚಾವಣಿಗೆ ಆದ ಹಾನಿಯನ್ನು ಹೊರಗಿಟ್ಟಿರುವುದು ಸಾಮಾನ್ಯ.

ಪರದೆಯನ್ನು ಗಾಜಿಗೆ ಅಂಟಿಸಿದರೆ ಪೊಲೀಸರು ಹಿಡಿಯುತ್ತಾರೆಯೇ?

ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಡ್ರೈವರ್‌ಗೆ ಕಾಣುವಂತೆ ವಿಡಿಯೊ ಓಡಿಸುವಂತಿಲ್ಲ, ಆದರೆ ಗಾಡಿಯ ಸುತ್ತಲಿನ ನೋಟ ತೋರಿಸುವ ಪರದೆಗೆ ವಿನಾಯಿತಿ ಇದೆ. ಗಾಜಿನ ಗೊಡವೆಯೇ ಬೇಡ. ಡ್ಯಾಶ್‌ಬೋರ್ಡಿನ ಮೇಲೆ, ರಸ್ತೆಗೆ ಅಡ್ಡವಾಗದಂತೆ ಕೂರಿಸಿ.

ಖರ್ಚೆಷ್ಟು?

ಸುಮಾರಾಗಿ ವೈರ್ ಕಿಟ್ 100ರಿಂದ 300 ಡಾಲರ್, ಒಳ್ಳೆಯ ಡಿಜಿಟಲ್ ವೈರ್‌ಲೆಸ್ 150ರಿಂದ 600 ಡಾಲರ್. ಕೂರಿಸುವ ಕೂಲಿ ಬೇರೆ. 7 ಇಂಚಿಗಿಂತ ಸಣ್ಣ ಪರದೆ ಬೇಡ. ಪಕ್ಕದ ಕ್ಯಾಮೆರಾಗಳನ್ನು ಮುಂದೆ ಸೇರಿಸಲು ಆಗುವಂಥ ಪರದೆ ತೆಗೆದುಕೊಂಡರೆ ಎರಡನೇ ಸಲ ಖರ್ಚಿಲ್ಲ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡೆ. ಕ್ಯಾಮೆರಾ ಇದೆ, ಚಿತ್ರ ಮಸುಕು. ಎಲ್ಲ ಕಿತ್ತು ಹಾಕಬೇಕೇ?

ಆತುರ ಬೇಡ. ಮೊದಲು ಲೆನ್ಸ್ ಒರೆಸಿ. ವರ್ಷಗಟ್ಟಲೆ ಬಿಸಿಲುಂಡ ಪ್ಲಾಸ್ಟಿಕ್ ಮುಚ್ಚಳ ಮಂಜಾಗಿದ್ದರೆ ಕ್ಯಾಮೆರಾ ಮಾತ್ರ ಬದಲಿಸಿದರಾಯಿತು. ಚಿತ್ರ ಬಂದು ಹೋಗಿ ಮಾಡುತ್ತಿದ್ದರೆ ಕ್ಯಾಮೆರಾದ ಹಿಂದಿನ ಕನೆಕ್ಟರ್ ಬಿಚ್ಚಿ ನೋಡಿ. ಒಳಗೆ ಹಸಿರು ಕಿಲುಬು ಕಟ್ಟಿದ್ದರೆ ರೋಗ ಅಲ್ಲೇ ಇದೆ. ಹಳೇ ಕೇಬಲ್ ಚೆನ್ನಾಗಿದ್ದರೆ ಅದನ್ನೇ ಉಳಿಸಿಕೊಳ್ಳಿ, ಕಷ್ಟದ ಕೆಲಸ ಹಿಂದಿನ ಮಾಲೀಕರು ಮಾಡಿಟ್ಟಿದ್ದಾರೆ. ಹೊಸ ಎಎಚ್‌ಡಿ (ಹೆಚ್ಚು ಸ್ಪಷ್ಟ ಚಿತ್ರ ಕೊಡುವ) ಕ್ಯಾಮೆರಾ ಹಳೇ ಅನಲಾಗ್ ಪರದೆಗೆ ಹೊಂದದೇ ಹೋಗಬಹುದು, ಪಿನ್ ಕೂತರೂ ಚಿತ್ರ ಬರದಿರಬಹುದು. ಆದ್ದರಿಂದ ಆರ್ಡರ್ ಮಾಡುವ ಮೊದಲು ಪರದೆಯ ಹಿಂದಿನ ಚೀಟಿಯ ಫೋಟೊ ತೆಗೆದು, ಯಾವ ಬಗೆಯ ಸಿಗ್ನಲ್, ಎಷ್ಟು ಪಿನ್ ಎಂದು ಅಂಗಡಿಯವರಿಗೆ ತೋರಿಸಿ ಖಾತ್ರಿ ಮಾಡಿಕೊಳ್ಳಿ.